ಕಿನ್ಯೂಸಿಯ ಒಂಬತ್ತು ಗೋರಿಗಳು

ಮಗಳ ಮನೆಗೆಂದು ಸ್ಕಾಟ್ಲೆಂಡಿಗೆ ಹೋಗಿದ್ದಾಗ, ಕಿನ್ಯೂಸಿ ಎಂಬ ಗುಡ್ಡಗಾಡಿನ ಪುಟ್ಟ ಊರನ್ನು ನೋಡಲು ಹೋಗಿದ್ದೆವು. "ಅಮ್ಮ, ಇಲ್ಲಿಯ ಸ್ಮಶಾನದಲ್ಲಿ ನಮ್ಮ ಕಡೆಯವರಿದ್ದಾರೆ, ಬಾ" ಎಂದಳು ಮಗಳು. ಊರು ನೋಡಲು ಬಂದವಳಿಗೆ ಸ್ಮಶಾನ ಯಾಕಪ್ಪಾ ಅನ್ನಿಸಿತು. ಆದರೂ ಹೋದೆ.

ಅಲ್ಲಿ ಒಂಬತ್ತು ಭಾರತೀಯ ಸೈನಿಕರ ಗೋರಿಗಳಿವೆ. ಬಂದೂಕು ಹಿಡಿದು ಕಾದಾಡಿದವರಲ್ಲ. ಹೇಸರಗತ್ತೆಗಳ ಮೇಲೆ ಸೈನ್ಯದ ಸಾಮಾನು ಸಾಗಿಸುತ್ತಿದ್ದ ದಳದವರು. ದಳದಲ್ಲಿ ಹೆಚ್ಚಿನವರು ಅವಿಭಜಿತ ಪಂಜಾಬಿನ ಮುಸಲ್ಮಾನರು. 1939ರ ಡಿಸೆಂಬರಿನಲ್ಲಿ ಫ್ರಾನ್ಸಿಗೆ ಬಂದಿಳಿದ ಆ ದಳ 1940ರಲ್ಲಿ ಡನ್‌ಕರ್ಕ್‌ನಿಂದ ಪಾರಾಗಿ ಬ್ರಿಟನ್ ಸೇರಿತು. ಮುಂದೆ ಈ ಚಳಿಯ ಬೆಟ್ಟಗಳಲ್ಲಿ ತರಬೇತಿ. ಒಂಬತ್ತು ಮಂದಿ ಇಲ್ಲೇ ಮಣ್ಣಾದರು.

ಎರಡನೆಯ ಮಹಾಯುದ್ಧದ ಪಾಠವನ್ನು ಎಷ್ಟು ವರ್ಷ ಮಾಡಿದ್ದೇನೋ! ಹಿಟ್ಲರ್, ಚರ್ಚಿಲ್, ಇಸವಿಗಳೆಲ್ಲ ಬಾಯಿಪಾಠ. ಹೇಸರಗತ್ತೆಯ ಹಗ್ಗ ಹಿಡಿದು ನಡೆದವನ ಮಾತು ಒಂದು ದಿನವೂ ನನ್ನ ಬಾಯಲ್ಲಿ ಬಂದಿರಲಿಲ್ಲ.

ಈ ಊರಿನ ಹೆಂಗಸೊಬ್ಬರು ದಶಕಗಳ ಕಾಲ ಈ ಗೋರಿಗಳನ್ನು ಜತನ ಮಾಡಿದರಂತೆ. ಭಾಷೆ ಬೇರೆ, ಮತ ಬೇರೆ, ನೆಂಟಸ್ತಿಕೆಯಂತೂ ಇಲ್ಲವೇ ಇಲ್ಲ. ಅಷ್ಟು ದೂರದ ಹಳ್ಳಿಗಳಿಂದ ಹೆತ್ತ ತಾಯಂದಿರು ಬಂದು ನೋಡುವುದುಂಟೆ? ಅವರ ಪಾಲಿನ ಕೆಲಸವನ್ನು ಈಕೆ ಮಾಡಿದ್ದರು.

ನನ್ನ ಕೈಯಲ್ಲಿ ಒಂದು ಹೂವೂ ಇರಲಿಲ್ಲ. ಸೆರಗನ್ನು ತಲೆಗೆ ಹೊದ್ದು, ತರಗತಿಯಲ್ಲಿ ಹಾಜರಿ ಕರೆಯುವ ಹಾಗೆ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದತೊಡಗಿದೆ. ಎಂಟನೆಯದಕ್ಕೆ ಗಂಟಲು ಕಟ್ಟಿತು. ಉಳಿದ ಒಂದನ್ನು ಮಗಳು ಓದಿದಳು.