ಚುಕ್ಕೆಯ ಲೆಕ್ಕ

ನಮ್ಮ ಅಮ್ಮನ ತಿಂಗಳ ಲೆಕ್ಕ ಇರುತ್ತಿದ್ದುದು ಅಡುಗೆಮನೆಯ ಕ್ಯಾಲೆಂಡರಿನಲ್ಲಿ. ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ, ಅಷ್ಟೆ. ಹಾಲಿನ ಲೆಕ್ಕದ ಗೀಟುಗಳ ನಡುವೆ ಅದೇನೆಂದು ಅಪ್ಪನಿಗೂ ತಿಳಿಯುತ್ತಿರಲಿಲ್ಲ. ನನ್ನ ಮಗಳು ಆ ಚುಕ್ಕೆಯನ್ನು ಫೋನಿನಲ್ಲಿ ಇಡುತ್ತಾಳೆ. ಇಡಲಿ, ಬೇಡವೆನ್ನಲು ನಾನ್ಯಾರು? ಆದರೆ ಅದನ್ನು ಮತ್ಯಾರು ಓದುತ್ತಾರೆ ಎಂದು ಕೇಳಬಹುದಲ್ಲ.

ಸುಮ್ಮನೆ ಹುಟ್ಟಿದ ಅನುಮಾನವಲ್ಲ ಇದು. ಹೆಂಗಸರು ಮುಟ್ಟಿನ ದಿನ ಬರೆದಿಡುವ 'ಫ್ಲೋ' ಎಂಬ ಆ್ಯಪ್, ಗುಟ್ಟಾಗಿಡುತ್ತೇನೆಂದು ಮಾತು ಕೊಟ್ಟೂ ಅವರ ವಿವರಗಳನ್ನು ಫೇಸ್‌ಬುಕ್, ಗೂಗಲ್‌ನಂಥ ಕಂಪನಿಗಳಿಗೆ ದಾಟಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು. 2021ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಬಸುರಿಯಾಗುವ ಆಸೆಯನ್ನು ಗಂಡನಿಗೆ ಹೇಳುವ ಮೊದಲೇ ಜಾಹೀರಾತಿನವನಿಗೆ ತಿಳಿದರೆ ಹೇಗಿರುತ್ತದೆ, ನೀವೇ ಹೇಳಿ!

ಮಗಳೇ ಹುಡುಕಿ 'ಡ್ರಿಪ್' ಹಾಕಿಕೊಂಡಳು. ಬರ್ಲಿನ್ನಿನಲ್ಲಿ ಕೆಲವರು ಸೇರಿ ಮಾಡಿದ್ದಂತೆ. ಬರೆದದ್ದೆಲ್ಲ ಫೋನಿನೊಳಗೇ ಉಳಿಯುತ್ತದೆ, ಬೇಕಾದರೆ ಪಾಸ್‌ವರ್ಡಿನ ಬೀಗ. ಹೆಣ್ಣು ಎಂದೊಡನೆ ಬಳಿಯುವ ಗುಲಾಬಿ ಬಣ್ಣವೂ ಇಲ್ಲ, ಪುಣ್ಯ. ಫೋನು ಕಳೆದರೆ ಮಾತ್ರ ಲೆಕ್ಕವೂ ಹೋದಂತೆ, ಆಗಾಗ ಪ್ರತಿ ತೆಗೆದಿಡಬೇಕು.

ಇದು ಓಪನ್ ಸೋರ್ಸ್. ಎಂದರೆ, ಸಾರಿನ ಪುಡಿಯ ಡಬ್ಬಿಯ ಮೇಲೇ ಅಳತೆಯನ್ನೆಲ್ಲ ಬರೆದಿಟ್ಟ ಹಾಗೆ. ನನಗೆ ಆ ಸಾಲುಗಳು ಓದಲು ಬಾರವು, ನಿಜ. ಬಲ್ಲವರು ಓದಿ, ಕಲಬೆರಕೆಯಿದ್ದರೆ ಕೂಗಿ ಹೇಳಬಹುದು. ಇಂಥವನ್ನಷ್ಟೇ ಇಟ್ಟಿರುವ 'ಎಫ್-ಡ್ರಾಯ್ಡ್' ಎಂಬ ಅಂಗಡಿಯೂ 2010ರಿಂದ ಇದೆ, ಆಂಡ್ರಾಯ್ಡ್ ಫೋನುಗಳಿಗೆ. ಆ್ಯಪಿನಲ್ಲಿ ಬೇಡದ ಗುಣವೇನಾದರೂ ಇದ್ದರೆ ಅಲ್ಲೇ ಎಚ್ಚರಿಕೆ ಬರೆದಿರುತ್ತಾರೆ. ಯಾವ ಅಂಗಡಿಯವನು ತನ್ನ ಸರಕನ್ನು ತಾನೇ ಹೀಗೆ ದೂರುತ್ತಾನೆ?

"ತಪ್ಪು ಮಾಡದವರಿಗೆ ಗುಟ್ಟೇಕೆ?" ಎಂದರು ನಮ್ಮ ಯಜಮಾನರು. "ಬಚ್ಚಲಿಗೆ ಹೋದಾಗ ಅಗುಳಿ ಯಾಕೆ ಹಾಕಿಕೊಳ್ಳುತ್ತೀರಿ?" ಎಂದೆ. ಮಾತಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಮೊಕದ್ದಮೆಯಲ್ಲೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಯಜಮಾನರಿಗೆ ಇದನ್ನೂ ಹೇಳಿದೆ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದರು.

ಹಾಗೆಂದು ನಾನು ವಾಟ್ಸಾಪ್ ಬಿಟ್ಟಿಲ್ಲ. ಮದುವೆಯ ಕರೆಯೋಲೆ, ನಾಮಕರಣದ ಫೋಟೋ ಎಲ್ಲ ಅಲ್ಲಿಗೇ ಬರುತ್ತವೆ. ದೇಣಿಗೆಯಿಂದ ನಡೆಯುವ ಸಿಗ್ನಲ್‌ಗೆ ನನ್ನ ಜೊತೆ ಬಂದವಳು ಅಕ್ಕ ಒಬ್ಬಳೇ. ನಮ್ಮಿಬ್ಬರ ತವರಿನ ಮಾತುಗಳಿಗೆ ಅಷ್ಟು ಸಾಕಾಗಿದೆ.