ಇನ್ನೂ ಹಣ್ಣಾಗಿಲ್ಲಂತ!

ಗಡಹಿಂಗ್ಲಜದ ಒಂದು ಕಣ್ಣಿನ ದವಾಖಾನೆ. ಬಾಗಿಲಿಗೆ ಮರಾಠಿಯಲ್ಲಿ ಬರೆದ ಹಾಳೆ ಅಂಟಿಸಿದ್ದರು. ಡಾಕ್ಟರು ಕಾನ್ಫರೆನ್ಸಿಗೆ ಹೋಗಿದ್ದಾರೆ, ಮೂರು ದಿನ ಓಪಿಡಿ ಬಂದ್. ರಜೆ ಹಾಕಿ, ಚಿಗವ್ವನನ್ನು ಎಸ್.ಟಿ. ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದೆ. "ಕಾನ್ಫರೆನ್ಸ್ ಅಂದ್ರ ಏನೋ ತಮ್ಮಾ? ಡಾಕ್ಟರ್‌ಗೋಳ ಜಾತ್ರಿ ಏನು?" ಅಂದಳು.

ಆಮೇಲೆ ತಿಳಿದುಕೊಂಡರೆ ಹೆಚ್ಚುಕಡಿಮೆ ಜಾತ್ರೆಯೇ! ಮುಂದಿನ ವಾರ ಹೋದಾಗ ಡಾಕ್ಟರು ಅದೇ ಹುರುಪಿನಲ್ಲಿದ್ದರು. ನಾನು ಮಾಸ್ತರ ಅಂತ ಗೊತ್ತಾಗಿ "ಬಸಾ ಗುರುಜೀ" ಅಂತ ಕೂರಿಸಿಕೊಂಡು ಎಲ್ಲ ಹೇಳಿದರು. ಒಂದು ಕಡೆ ಆಪರೇಶನ್ ನಡೆದರೆ ನೂರಾರು ಡಾಕ್ಟರು ಸಭಾಂಗಣದಲ್ಲಿ ಕೂತು ದೊಡ್ಡ ಪರದೆಯ ಮೇಲೆ ನೋಡುತ್ತಾರಂತೆ. ಹೊಸಬರಿಗೆ ಕೈ ಕುದುರಲಿ ಅಂತ ಆಡಿನ ಕಣ್ಣು ತರಿಸಿ ಅದರ ಮೇಲೆ ಕಲಿಸುತ್ತಾರಂತೆ. (ಇದನ್ನು ಐದನೇ ಕ್ಲಾಸಿನಲ್ಲಿ ಹೇಳಿದಾಗ ಒಬ್ಬ ಎದ್ದು, "ಸರ್, ಉಳಿದ ಆಡು ಏನ್ಮಾಡ್ತಾರ್ರಿ?" ಅಂದ.) ಆಲ್ ಇಂಡಿಯಾ ಆಫ್ತಾಲ್ಮಾಲಾಜಿಕಲ್ ಸೊಸೈಟಿ ಅಂತ ಅವರದೊಂದು ಸಂಘ 1930ರಿಂದಲೇ ಇದೆ. ಅದರ ಸಮ್ಮೇಳನ 2008ರಲ್ಲಿ ಬೆಂಗಳೂರಿನಲ್ಲೂ ಆಗಿತ್ತು. ರಾಜ್ಯಗಳ ಸಂಘಗಳು ಬೇರೆ, ಅವುಗಳ ಸಮ್ಮೇಳನಗಳೂ ಬೇರೆ.

ಅಷ್ಟೊತ್ತು ಸುಮ್ಮನಿದ್ದ ಚಿಗವ್ವ ಆಗ ಬಾಯಿಬಿಟ್ಟಳು. "ಇನ್ನೂ ಹಣ್ಣಾಗಿಲ್ಲರೀ. ಹಣ್ಣಾದ ಮ್ಯಾಲೆ ತಗಸ್ತೀನಿ." ನಾನು ಮರಾಠಿಗೆ ತಿರುಗಿಸಿ ಹೇಳಿದೆ. ಡಾಕ್ಟರು ಹಣೆ ಒತ್ತಿಕೊಂಡರು. ದಿನಕ್ಕೆ ಹತ್ತು ಮಂದಿ ಇದನ್ನೇ ಹೇಳುತ್ತಾರಂತೆ.

ಈ ಮಾತು ಎಲ್ಲಿಂದ ಬಂತು ಅಂತ ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಬೀಳಗಿಯ ಡಾ. ಎಂ.ಸಿ. ಮೋದಿಯವರ ಹೆಸರು ಕೇಳದ ಮನೆ ಉಂಟೇ? ಊರೂರಿಗೆ ಹೋಗಿ ಶಿಬಿರ ಮಾಡಿ ಕಣ್ಣು ಕೊಟ್ಟವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆಯ ಆಪರೇಶನ್ ಮಾಡಿದರು. ಅದೇ ವರ್ಷ ಪದ್ಮಭೂಷಣ ಬಂತು. 2005ರಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಹಣ್ಣಾಗುವ ತನಕ ಕಾಯುವುದೇ ಸರಿಯಾಗಿತ್ತು. ಕಣ್ಣಿನ ಮಸೂರವನ್ನೇ ತೆಗೆದುಬಿಡುತ್ತಿದ್ದರು, ಬದಲಿಗೆ ಸೋಡಾ ಬಾಟ್ಲಿ ತಳದಂಥ ದಪ್ಪ ಕನ್ನಡಕ. ಅಷ್ಟೋ ಇಷ್ಟೋ ಕಾಣುವ ಕಣ್ಣು ಬಿಚ್ಚಿಸಿ ಆ ಕನ್ನಡಕ ಹಾಕಿಸಿಕೊಳ್ಳಲು ಯಾರು ಒಪ್ಪುತ್ತಾರೆ? ಪೂರ್ತಿ ಮಸುಕಾದ ಮೇಲೆ ತೆಗೆದರಾಯಿತು ಅನ್ನುತ್ತಿದ್ದರು.

1949ರಲ್ಲೇ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ಡಾಕ್ಟರು ಕಣ್ಣೊಳಗೇ ಕೃತಕ ಮಸೂರ ಕೂರಿಸಿ ತೋರಿಸಿದ್ದರು. ಯುದ್ಧದಲ್ಲಿ ವಿಮಾನದ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರು ಪೈಲಟ್ಟುಗಳ ಕಣ್ಣಿಗೆ ಹೊಕ್ಕರೂ ಕಣ್ಣು ಕೆರಳದ್ದನ್ನು ನೋಡಿ ಹೊಳೆದದ್ದಂತೆ. ಅದು ನಮ್ಮ ಹಳ್ಳಿಗಳಿಗೆ ಬರಲು ಎಷ್ಟೋ ವರ್ಷ ಹಿಡಿಯಿತು. ಈಗ ಮಸೂರವನ್ನು ಯಂತ್ರದಿಂದ ಒಡೆದು, ಹೀರಿ ತೆಗೆದು, ಹೊಸದನ್ನು ಇಡುತ್ತಾರೆ. ಹಣ್ಣಾಗಿ ಗಟ್ಟಿಯಾದಷ್ಟೂ ಒಡೆಯುವುದು ಕಷ್ಟ. ಅತಿ ಹಣ್ಣಾದರೆ ಕಣ್ಣಿನ ಒತ್ತಡ ಏರಿ ನೋವು ಶುರುವಾಗಬಹುದು. ಡಾಕ್ಟರು ವರ್ಷ ವರ್ಷ ಹೊಸ ಪಾಠ ಕಲಿತು ಬರುತ್ತಾರೆ, ನಮ್ಮ ಊರಿನ ಪಾಠ ಮಾತ್ರ ಹಳೇ ಶಿಬಿರದಲ್ಲೇ ನಿಂತಿದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬನಹಟ್ಟಿಯಿಂದ ಇಚಲಕರಂಜಿಗೆ ಬಂದು ಪಾವರ್‌ಲೂಮಿನಲ್ಲೇ ಜೀವ ತೇಯ್ದ ನನ್ನ ಸೋದರಮಾವನಿಗೆ ಕಡಿದ ಎಳೆ ಕಾಣದಾಯಿತು. ಚಾಳೀಸು ಬದಲಿಸಿದ. ಬದಿಯಲ್ಲಿ ಬಂದ ಸೈಕಲ್ಲಿಗೆ ಎರಡು ಸಲ ಡಿಕ್ಕಿ ಹೊಡೆದ. "ಬಿಂದು ಬಂದದ, ಹಣ್ಣಾಗ್ಲಿ" ಅಂತ ಎರಡು ವರ್ಷ ಕೂತ. ಕೊಲ್ಹಾಪುರದಲ್ಲಿ ತೋರಿಸಿದಾಗ ತಿಳಿಯಿತು, ಅದು ಮೋತಿಬಿಂದು ಅಲ್ಲ, ಕಾಚಬಿಂದು. ನಮ್ಮವರ ಬಾಯಲ್ಲಿ ಎರಡೂ ಬರೀ 'ಬಿಂದು'. ಮೋತಿಬಿಂದು ಅಂದರೆ ಪೊರೆ, ತೆಗೆದರೆ ಕಾಣುತ್ತದೆ. ಕಾಚಬಿಂದು ಅಂದರೆ ಗ್ಲಾಕೋಮಾ. ಕಣ್ಣಿನಿಂದ ಮೆದುಳಿಗೆ ಹೋಗುವ ನರವೇ ಸಾಯುತ್ತದೆ, ಬಹಳ ಮಟ್ಟಿಗೆ ಬದಿಯ ನೋಟದಿಂದ ಶುರುವಾಗಿ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಮಾವನ ಎಡಗಣ್ಣು ಹೋಯಿತು. ಬಲಗಣ್ಣು ದಿನಾ ಹಾಕುವ ಹನಿಯ ಮೇಲೆ ಉಳಿದಿದೆ. ನಲವತ್ತು ದಾಟಿದವರು ಕಣ್ಣಿನ ಒತ್ತಡ ಒಮ್ಮೆ ನೋಡಿಸಿಕೊಳ್ಳಬೇಕು ಅಂತ ಡಾಕ್ಟರು ಮರಾಠಿಯಲ್ಲಿ ಹೇಳುತ್ತಾರೆ, ಸಮ್ಮೇಳನದಲ್ಲಿ ಇಂಗ್ಲಿಷಿನಲ್ಲಿ. ನಮ್ಮ ಮಾವನಿಗೆ ಕನ್ನಡದಲ್ಲಿ ಯಾರೂ ಹೇಳಿರಲಿಲ್ಲ.

ಶಾಲೆಯಲ್ಲಿ ಮಕ್ಕಳ ಕಣ್ಣು ನೋಡುವ ಕೆಲಸ ಹೇಗೂ ನಮಗಿದೆ. 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದ ಚಾರ್ಟು, ಆರು ಮೀಟರ್ ದೂರ. ಅಕ್ಷರ ಬರದಿದ್ದರೂ ಕೈ ತಿರುಗಿಸಿ ತೋರಿಸಿದರೆ ಸಾಕು. ಹೋದ ವರ್ಷ ಅದೇ ದಿನ ಮಕ್ಕಳ ಅಜ್ಜ ಅಜ್ಜಿಯರನ್ನೂ ಕರೆದೆ. ಚಾರ್ಟಿನಲ್ಲಿ ಕಾಚಬಿಂದು ತಿಳಿಯುವುದಿಲ್ಲ, ನಿಜ. ಬಂದವರಿಗೆ ಎರಡು ಬಿಂದುಗಳ ವ್ಯತ್ಯಾಸ ಕನ್ನಡದಲ್ಲಿ ಹೇಳಲು ಅದೊಂದು ನೆವ. ಹನ್ನೊಂದು ಮಂದಿ ಬಂದರು. ನಾಲ್ವರು ಗಡಹಿಂಗ್ಲಜಕ್ಕೆ ಹೋಗಿ ತೋರಿಸಿಕೊಂಡು ಬಂದಿದ್ದಾರೆ. ಚಿಗವ್ವನದೂ ಒಂದು ಕಣ್ಣು ಆಯಿತು, ಅಕ್ಕಿಯೊಳಗಿನ ಹುಳ ಆರಿಸುತ್ತಾಳೆ. ಇನ್ನೊಂದು ಯಾವಾಗ ಅಂದರೆ, "ಸುಗ್ಗಿ ಮುಗೀಲಿ ತಡಿ" ಅನ್ನುತ್ತಾಳೆ.