ಮೂಲೆಯಲ್ಲೊಂದು ಸಾಲು

ನನ್ನ ಮೊದಲ ಚಿತ್ರಪ್ರದರ್ಶನ ನಡೆದದ್ದು ನಮ್ಮೂರಿನ ಒಂದು ಸಣ್ಣ ಸಭಾಂಗಣದಲ್ಲಿ. ಇಲ್ಲಿಯವರೆಗೆ ಕೊನೆಯದೂ ಅದೇ. ಬೆಂಗಳೂರಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತು ಆಗಷ್ಟೇ ಊರಿಗೆ ಮರಳಿದ್ದೆ. ಇಪ್ಪತ್ತೆರಡು ಕ್ಯಾನ್ವಾಸ್‌ಗಳು. ಉದ್ಘಾಟನೆಯ ದಿನ ಉಪ್ಪಿಟ್ಟು, ಕೇಸರಿಬಾತು, ಕಾಫಿ ಇತ್ತು. ಜನ ಕಿಕ್ಕಿರಿದು ಬಂದರು. ತಟ್ಟೆ ಹಿಡಿದುಕೊಂಡೇ ಗೋಡೆಯುದ್ದಕ್ಕೂ ಒಂದು ಸುತ್ತು ಹಾಕಿ, ಕೈತೊಳೆದು, "ಒಳ್ಳೇದಾಗ್ಲಿ" ಎಂದು ಹೊರಟುಹೋದರು. ಮರುದಿನ ಬಂದವರು ಇಬ್ಬರು. ಮೂರನೆಯ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ನಾನೊಬ್ಬನೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

ಬಾಗಿಲು ಹಾಕುವ ಹೊತ್ತಿಗೆ ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಅಜ್ಜ ಬಂದರು. ಹುಬ್ಬಿನ ಮೇಲೆಲ್ಲ ಹಿಟ್ಟು. ಒಂದು ಚಿತ್ರದ ಮುಂದೆ ನಿಂತು, ಬಗ್ಗಿ, ಕೆಳಗಿನ ಬಲ ಮೂಲೆಯನ್ನು ಬಹಳ ಹೊತ್ತು ನೋಡಿದರು. "ಇಲ್ಲೇನೋ ಬರ್ದೀಯಲ್ಲ, ಏನದು?" ಎಂದು ಕೇಳಿದರು. ನನ್ನ ಹೆಸರು, ಸಹಿ, ಎಂದೆ. "ಕನ್ನಡದಾಗೆ ಬರ್ದಿದ್ರೆ ನಾನೂ ಓದ್ತಿದ್ದೆ" ಎಂದರು.

ಈ ಮಾತನ್ನು ನಾನು ಎಷ್ಟೋ ವರ್ಷ ಗೆಳೆಯರ ನಡುವೆ ಜೋಕಿನ ಹಾಗೆ ಹೇಳಿ ನಗಿಸಿದ್ದೇನೆ. ಇಡೀ ಚಿತ್ರ ಬಿಟ್ಟು ಸಹಿ ಓದಲು ಹೊರಟವರು ಎಂದು. ನಮ್ಮ ಜನಕ್ಕೆ ಕಲೆ ನೋಡಲು ಬರುವುದಿಲ್ಲ ಎಂಬ ತೀರ್ಮಾನಕ್ಕೆ ಬಂದು, ಕ್ಯಾನ್ವಾಸ್‌ಗಳನ್ನು ಅಟ್ಟಕ್ಕೇರಿಸಿ, ಡ್ರಾಯಿಂಗ್ ಮೇಷ್ಟರ ಕೆಲಸಕ್ಕೆ ಸೇರಿಕೊಂಡೆ.

2013ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಟೇಟ್ ಮಾಡರ್ನ್‌ಗೆ ಹೋದದ್ದು ಪಿಕಾಸೊ, ಮಾತೀಸ್‌ರನ್ನು ನೋಡುವ ಆಸೆಯಿಂದ. ಅಲ್ಲಿ ಸುಡಾನಿನ ಇಬ್ರಾಹಿಂ ಎಲ್-ಸಲಾಹಿ ಎಂಬ ಕಲಾವಿದನ ದೊಡ್ಡ ಪ್ರದರ್ಶನ ನಡೆಯುತ್ತಿತ್ತು. ಆಫ್ರಿಕಾದ ಆಧುನಿಕ ಕಲಾವಿದನೊಬ್ಬನ ಇಡೀ ಬದುಕಿನ ಕೆಲಸವನ್ನು ಒಟ್ಟಾಗಿ ಆ ಮ್ಯೂಸಿಯಂ ತೋರಿಸಿದ್ದು ಅದೇ ಮೊದಲು. ಅವರಿಗಾಗ ಎಂಬತ್ತೆರಡು ವರ್ಷ. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಐದು ವರ್ಷದ ನನ್ನ ಓದಿನಲ್ಲಿ ಆಫ್ರಿಕಾ ಬಂದದ್ದು ಪಿಕಾಸೊನಿಗೆ ಮುಖವಾಡಗಳನ್ನು ಒದಗಿಸಿದ ಖಂಡವಾಗಿ ಮಾತ್ರ.

'ಬಾಲ್ಯದ ಕನಸುಗಳ ಮರುಹುಟ್ಟಿನ ಸದ್ದುಗಳು' ಎಂದು ಕನ್ನಡಿಸಬಹುದಾದ ಒಂದು ಚಿತ್ರದ ಮುಂದೆ ನಿಂತೆ. 1961ರಿಂದ 65ರವರೆಗೆ ಮಾಡಿದ್ದು. ಉದ್ದ ಅಗಲ ಎರಡೂ ಸುಮಾರು 2.6 ಮೀಟರ್. ಮಣ್ಣಿನ, ಬೂದಿಯ, ಮಾಸಿದ ಬಟ್ಟೆಯ ಬಣ್ಣಗಳು. ನೀಳವಾದ ಆಕೃತಿಗಳು, ಮುಖವಾಡದಂಥ ಮುಖಗಳು. ಅವು ನಮ್ಮ ಕಡೆಗೆ ಬರುತ್ತಿವೆಯೋ ಹಿಂದೆ ಸರಿಯುತ್ತಿವೆಯೋ ಹೇಳಲಾಗುವುದಿಲ್ಲ. ಅದು ಅರ್ಥವಾಯಿತು ಎನ್ನಲಾರೆ. ಆದರೆ ಹೊರಟವನು ಮತ್ತೆ ಎರಡು ಸಲ ತಿರುಗಿ ಬಂದು ನೋಡಿದೆ.

ಊರಿಗೆ ಬಂದ ಮೇಲೆ ಅವರ ಬಗ್ಗೆ, ಅವರ ಸಂದರ್ಶನಗಳನ್ನು ಓದತೊಡಗಿದೆ. ಒಂದು ಕಡೆ ಬಂದು ನಿಂತುಬಿಟ್ಟೆ.

ಎಲ್-ಸಲಾಹಿ ಹುಟ್ಟಿದ್ದು 1930ರಲ್ಲಿ, ನೈಲ್ ನದಿಯ ಆಚೆ ದಡದಿಂದ ಖಾರ್ಟೂಮಿಗೆ ಎದುರಾಗಿರುವ ಒಮ್ಡುರ್ಮನ್ ನಗರದಲ್ಲಿ. ಅಪ್ಪ ಕುರಾನ್ ಪಾಠಶಾಲೆ ನಡೆಸುತ್ತಿದ್ದರು. ಮಕ್ಕಳು ಮರದ ಹಲಗೆಯ ಮೇಲೆ ಮಸಿಯಿಂದ ಬರೆದು, ಬಾಯಿಪಾಠವಾದ ಮೇಲೆ ತೊಳೆದು, ಮತ್ತೆ ಬರೆಯಬೇಕು. ಒಂದು ಭಾಗ ಮುಗಿದರೆ ಅಕ್ಷರಗಳ ಸುತ್ತ ಅಲಂಕಾರ ಬಿಡಿಸುತ್ತಾರೆ. ಆ ಹುಡುಗನಿಗೆ ಅಕ್ಷರ ಮತ್ತು ಚಿತ್ರ ಒಂದೇ ಹಲಗೆಯ ಮೇಲೆ ಸಿಕ್ಕವು. ಮುಂದೆ ಖಾರ್ಟೂಮಿನಲ್ಲಿ ಚಿತ್ರಕಲೆ ಕಲಿತು, ವಿದ್ಯಾರ್ಥಿವೇತನದ ಮೇಲೆ 1954ರಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆಗೆ ಹೋದರು. ಮೂರು ವರ್ಷ ಅಲ್ಲಿ ಯುರೋಪಿನ ಶಿಸ್ತನ್ನೆಲ್ಲ ಮೈಗೂಡಿಸಿಕೊಂಡು 1957ರಲ್ಲಿ ವಾಪಸಾದರು. ಸುಡಾನ್ ಬ್ರಿಟಿಷರ ಕೈಯಿಂದ ಬಿಡುಗಡೆಯಾಗಿ ಆಗ ಒಂದೂವರೆ ವರ್ಷವಷ್ಟೇ ಆಗಿತ್ತು.

ಬಂದವರೇ ಖಾರ್ಟೂಮಿನಲ್ಲಿ ಒಂದು ಪ್ರದರ್ಶನ ಇಟ್ಟರು. ವಸ್ತುಚಿತ್ರಗಳು, ಭಾವಚಿತ್ರಗಳು, ನಗ್ನಚಿತ್ರಗಳು. ಉದ್ಘಾಟನೆಗೆ ಜನ ಬಂದರು, ತಂಪು ಪಾನೀಯ ಕುಡಿದರು, ಹೋದರು. ಆಮೇಲೆ ಯಾರೂ ಬರಲಿಲ್ಲ. ಮತ್ತೆ ಪ್ರದರ್ಶನ ಇಟ್ಟರು. ಮತ್ತೆ ಅದೇ ಕಥೆ.

ಇದನ್ನು ಓದಿ ನಾನು ಗಟ್ಟಿಯಾಗಿ ನಕ್ಕೆ. ಅವರ ಶರಬತ್ತು, ನನ್ನ ಉಪ್ಪಿಟ್ಟು. ಆದರೆ ಮುಂದಿನ ಸಾಲುಗಳಲ್ಲಿ ನಗು ಇಳಿಯಿತು. ಅವರು ನನ್ನ ಹಾಗೆ ಜನರ ಮೇಲೆ ತಪ್ಪು ಹೊರಿಸಲಿಲ್ಲ. ಇವರು ಯಾಕೆ ನನ್ನ ಚಿತ್ರ ನೋಡುತ್ತಿಲ್ಲ ಎಂಬುದನ್ನು ನಿಜವಾದ ಪ್ರಶ್ನೆಯಾಗಿ ತೆಗೆದುಕೊಂಡರು. ಚಿತ್ರ ಬರೆಯುವುದನ್ನು ನಿಲ್ಲಿಸಿ ದೇಶ ಸುತ್ತಿದರು. ಹಳ್ಳಿಗಳಲ್ಲಿ ಜನ ತಮ್ಮ ಮನೆಯ ಗೋಡೆ, ಚಾಪೆ, ಪಾತ್ರೆ, ಒಂಟೆಯ ಜೀನಿನ ಮೇಲೆ ಏನು ಬಿಡಿಸುತ್ತಾರೆ, ಯಾವ ಬಣ್ಣ ಹಚ್ಚುತ್ತಾರೆ ಎಂದು ನೋಡುತ್ತಾ ಹೋದರು. ನೋಡುವುದನ್ನು ಹೊಸದಾಗಿ ಕಲಿಯಬೇಕಾದದ್ದು ಜನರಲ್ಲ, ತಾನು ಎಂದುಕೊಂಡರು. ಅವರ ಬಣ್ಣಗಳು ಸುಡಾನಿನ ನೆಲದ ಬಣ್ಣಗಳಿಗೆ ಇಳಿದದ್ದು ಆಗ: ಕಪ್ಪು, ಬಿಳಿ, ಕಾವಿ, ಹಳದಿ ಮಣ್ಣು.

ಆಮೇಲೆ ಅವರು ಮಾಡಿದ ಮೊದಲ ಕೆಲಸ ಬಹಳ ಸಣ್ಣದು. ಚಿತ್ರದ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ, ಅರಬಿ ಅಕ್ಷರಗಳನ್ನು ಬರೆದರು. ಜನ ಹತ್ತಿರ ಬರತೊಡಗಿದರು. ಬಗ್ಗಿ ಓದತೊಡಗಿದರು.

ಪುಸ್ತಕ ಮುಚ್ಚಿಟ್ಟೆ. ಗಿರಣಿಯ ಅಜ್ಜ ಬಗ್ಗಿ ನಿಂತಿದ್ದ ಭಂಗಿ ಕಣ್ಣಿಗೆ ಕಟ್ಟಿತು. ಖಾರ್ಟೂಮಿನಲ್ಲಿ ಒಬ್ಬ ಕಲಾವಿದ ವರ್ಷಗಟ್ಟಲೆ ಅಲೆದು ಕಂಡುಕೊಂಡದ್ದನ್ನು, ನಮ್ಮೂರಿನಲ್ಲಿ ಒಬ್ಬರು ತಾವಾಗಿಯೇ ಬಂದು ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಜೋಕು ಮಾಡಿಕೊಂಡು ತಿರುಗಿದ್ದೆ. ಅಜ್ಜ ಅಷ್ಟರಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಆ ಉತ್ಸಾಹದಲ್ಲಿ ನಾನೊಂದು ತಪ್ಪು ಮಾಡಿದೆ. ಅಟ್ಟದಿಂದ ಹಳೆಯ ಕ್ಯಾನ್ವಾಸ್‌ಗಳನ್ನು ಇಳಿಸಿ ಅವುಗಳ ಮೇಲೆಲ್ಲ ದಪ್ಪದಪ್ಪ ಕನ್ನಡ ಅಕ್ಷರಗಳನ್ನು ಬರೆದೆ. ಎರಡು ತಿಂಗಳ ಕೆಲಸ. ಕೊನೆಗೆ ನೋಡಿದರೆ ರಾಜ್ಯೋತ್ಸವದ ಬ್ಯಾನರುಗಳ ಹಾಗಿದ್ದವು. ಅಕ್ಷರ ಬೇರೆ, ಚಿತ್ರ ಬೇರೆ. ಒಂದರ ಹೆಗಲ ಮೇಲೆ ಇನ್ನೊಂದು ಕೂತಿತ್ತು, ಅಷ್ಟೆ.

ಎಲ್ಲಿ ತಪ್ಪಿದೆ ಎಂದು ತಿಳಿಯಲು ಮತ್ತೆ ಎಲ್-ಸಲಾಹಿಯ ಕಡೆಗೇ ಹೋಗಬೇಕಾಯಿತು. ಅವರು ಮೂಲೆಯ ಸಾಲಿನಲ್ಲಿ ನಿಲ್ಲಲಿಲ್ಲ. ಅಕ್ಷರಗಳನ್ನು ದೊಡ್ಡದು ಮಾಡಿದರು, ಆಮೇಲೆ ಅವನ್ನೇ ಒಡೆದರು. ಒಡೆದ ಅಕ್ಷರಗಳ ನಡುವಿನ ಖಾಲಿ ಜಾಗದಲ್ಲಿ ಮನುಷ್ಯರು, ಪ್ರಾಣಿಗಳು, ಗಿಡಗಳು ಹೊರಬಂದವು. ಜನರನ್ನು ಹತ್ತಿರ ಕರೆದದ್ದು ಓದಬಹುದಾದ ಅಕ್ಷರ. ಹತ್ತಿರ ಬಂದವರಿಗೆ ಸಿಕ್ಕದ್ದು ಓದಲಾಗದ, ನೋಡಲೇಬೇಕಾದ ಒಂದು ಲೋಕ. ಅಕ್ಷರವನ್ನು ಹಾಗೆ ಒಡೆಯಬೇಕಾದರೆ ಅದರ ಮೂಳೆ ಮೂಳೆ ಗೊತ್ತಿರಬೇಕು. ಅವರು ಅದನ್ನು ಹಲಗೆಯ ಮೇಲೆ ನೂರಾರು ಸಲ ಬರೆದು, ತೊಳೆದು, ಮತ್ತೆ ಬರೆದವರು. ನಾನು ಸಹಿಯನ್ನೂ ಇಂಗ್ಲಿಷಿನಲ್ಲಿ ಮಾಡುತ್ತಿದ್ದವನು.

ಅವರು ಒಂಟಿಯಾಗಿ ಈ ದಾರಿ ಹಿಡಿದವರಲ್ಲ. ಉಸ್ಮಾನ್ ವಕಿಯಲ್ಲಾ, ಅಹ್ಮದ್ ಶಿಬ್ರೈನ್, ಕಮಲಾ ಇಬ್ರಾಹಿಂ ಇಶಾಕ್ ಮೊದಲಾದವರ ಜೊತೆ ಅವರ ಹೆಸರನ್ನೂ ಸೇರಿಸಿ 'ಖಾರ್ಟೂಮ್ ಸ್ಕೂಲ್' ಎಂದು ಕರೆಯುತ್ತಾರೆ. ಅರವತ್ತರ ದಶಕದಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ ಚಿನುವಾ ಅಚಿಬೆ, ವೋಲೆ ಸೊಯಿಂಕಾ ಮುಂತಾದವರು ಕಟ್ಟಿದ್ದ ಎಂಬಾರಿ ಕ್ಲಬ್‌ನ ನಂಟೂ ಅವರಿಗಿತ್ತು. ಅಚಿಬೆಯನ್ನು ನಾನು ಕಾಲೇಜಿನಲ್ಲೇ ಓದಿದ್ದೆ. ಅದೇ ಬಳಗದಲ್ಲಿ ಓಡಾಡಿದ ಚಿತ್ರಕಾರನೊಬ್ಬನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಇಷ್ಟಾದ ಮೇಲೆ ಜೈಲು. 1969ರಲ್ಲಿ ಲಂಡನ್ನಿನ ಸುಡಾನ್ ರಾಯಭಾರ ಕಚೇರಿಗೆ ಸಾಂಸ್ಕೃತಿಕ ಅಧಿಕಾರಿಯಾಗಿ ಹೋದ ಎಲ್-ಸಲಾಹಿ, ಆಮೇಲೆ ಸರ್ಕಾರದ ಕರೆಯ ಮೇರೆಗೆ ಊರಿಗೆ ಮರಳಿ ಸಂಸ್ಕೃತಿ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. 1975ರಲ್ಲಿ ನಿಮೇರಿಯ ಸರ್ಕಾರದ ವಿರುದ್ಧ ನಡೆದು ವಿಫಲವಾದ ದಂಗೆಯ ಜೊತೆ ಸಂಬಂಧವಿದೆಯೆಂದು ಹೇಳಿ ಅವರನ್ನು ಹಿಡಿದರು. ವಿಚಾರಣೆಯಿಲ್ಲದೆ ಆರು ತಿಂಗಳಿಗೂ ಹೆಚ್ಚು ಕಾಲ ಖಾರ್ಟೂಮಿನ ಕೋಬರ್ ಜೈಲಿನಲ್ಲಿಟ್ಟರು. ಅಲ್ಲಿ ಕಾಗದ, ಪೆನ್ಸಿಲ್ ಸಿಕ್ಕಿಬಿದ್ದರೆ ಒಂಟಿ ಕೋಣೆಯ ಶಿಕ್ಷೆ. ಅವರು ಸಿಮೆಂಟು ಚೀಲದ ಕಾಗದದ ಚೂರುಗಳ ಮೇಲೆ ಕದ್ದು ಗೀಚುತ್ತಿದ್ದರು, ಗೀಚಿದ್ದನ್ನು ಮರಳಿನಲ್ಲಿ ಹೂಳುತ್ತಿದ್ದರು. ಹೊರಗೆ ಬರುವಾಗ ಅವನ್ನು ಅಲ್ಲೇ ಬಿಟ್ಟು ಬರಬೇಕಾಯಿತು.

ಆದರೆ ಆ ಚೂರುಗಳು ಅವರಿಗೊಂದು ವಿಧಾನ ಕಲಿಸಿದವು. ಒಂದು ಸಣ್ಣ ಕಾಗದದಲ್ಲಿ ಚಿತ್ರದ ಬೀಜ. ಅದು ಬೆಳೆಯಬೇಕೆಂದಾಗ ಪಕ್ಕಕ್ಕೆ ಇನ್ನೊಂದು ಕಾಗದ. ಎಲ್ಲಿ ಹೋಗಿ ಮುಟ್ಟುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಹತ್ತು ವರ್ಷದ ನಂತರ, ದೇಶ ಬಿಟ್ಟು ಹೊರಗಿದ್ದಾಗ, 1984-85ರಲ್ಲಿ ಮಾಡಿದ 'ಅನಿವಾರ್ಯ' ಎಂಬ ಚಿತ್ರ ಹೀಗೆಯೇ ಒಂಬತ್ತು ಹಲಗೆಗಳಲ್ಲಿ ಬೆಳೆದದ್ದು. ಬರೀ ಕಪ್ಪು ಮಸಿ. ಮುಷ್ಟಿಗಳು, ಮುಖಗಳು, ಒತ್ತಿಕೊಂಡು ಮೇಲೇಳುವ ಮೈಗಳು. 1985ರಲ್ಲಿ ಸುಡಾನಿನ ಜನ ಬೀದಿಗಿಳಿದು ನಿಮೇರಿಯ ಆಡಳಿತ ಕೊನೆಗೊಂಡಿತು. ಆ ಚಿತ್ರ ಈಗಿರುವುದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ. ಜನ ಯಾಕೆ ನೋಡುತ್ತಿಲ್ಲ ಎಂಬ ಪ್ರಶ್ನೆಯಿಂದ ಶುರುವಾದ ಕಲೆ ಆ ಜನರಿಂದಲೇ ಎಷ್ಟು ದೂರ ಹೋಗಿ ಕೂರಬೇಕಾಯಿತು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಎಲ್-ಸಲಾಹಿ ಕತಾರ್‌ನಲ್ಲಿ ಬಹಳ ವರ್ಷ ಕಳೆದು ಕೊನೆಗೆ ಆಕ್ಸ್‌ಫರ್ಡ್‌ನಲ್ಲಿ ನೆಲೆಸಿದರು. ಅಲ್ಲಿ ಕೂತು ಅವರು ಮತ್ತೆ ಮತ್ತೆ ಬಿಡಿಸಿದ್ದು ನೈಲ್ ದಂಡೆಯ ಹರಾಜ್ ಮರವನ್ನು. ಎಲ್ಲ ಮರಗಳೂ ಹಸಿರಾಗುವ ಮಳೆಗಾಲದಲ್ಲಿ ಅದು ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಬರಗಾಲದಂಥ ಒಣ ದಿನಗಳಲ್ಲಿ ಚಿಗುರುತ್ತದೆ. ಅದರ ಹಠ ತಮ್ಮ ಜನರ ಹಠ ಎಂದು ಅವರು ನಂಬಿದ್ದಾರೆ. 2023ರ ಏಪ್ರಿಲ್‌ನಲ್ಲಿ ಖಾರ್ಟೂಮಿನಲ್ಲಿ ಯುದ್ಧ ಶುರುವಾದಾಗ, ಒಮ್ಡುರ್ಮನ್‌ನ ಬೀದಿಗಳಲ್ಲಿ ಹೊಗೆ ಏಳುವುದನ್ನು ಟಿವಿಯಲ್ಲಿ ನೋಡುವಾಗ, ನಾನು ನೋಡಿಯೇ ಇರದ ಆ ಮರದ ನೆನಪಾಯಿತು.

ವಯಸ್ಸಾದ ಮೇಲೆ ಬೆನ್ನುನೋವು ಅವರನ್ನು ಕುರ್ಚಿಗೆ ಕಟ್ಟಿಹಾಕಿತು. ದೊಡ್ಡ ಕ್ಯಾನ್ವಾಸ್ ಮುಂದೆ ನಿಲ್ಲಲಾಗದು. ಸರಿ, ಮಾತ್ರೆಯ ಖಾಲಿ ಪೆಟ್ಟಿಗೆಗಳನ್ನು ಬಿಚ್ಚಿ, ಅವುಗಳ ಒಳಮೈಯ ಮೇಲೆ ಪೆನ್ನಿನಿಂದ ಚಿತ್ರ ಬಿಡಿಸತೊಡಗಿದರು. ಆ ಚಿತ್ರಗಳಿಗೆ 'ನೋವು ನಿವಾರಣೆ' ಎಂದೇ ಹೆಸರು. ಅವುಗಳ ಮುದ್ರಿತ ಚಿತ್ರಗಳನ್ನು ನೋಡುವಾಗೆಲ್ಲ ನನಗೆ ಕಾಣುವುದು ಅಂಚೆಚೀಟಿಯಷ್ಟು ಜಾಗದಿಂದ ಶುರುಮಾಡಿದ ಅದೇ ಕೈ.

ಈಗ ನಾನು ಸಂಜೆ ಹೊತ್ತು ಗಿರಣಿಗೆ ಹೋಗಿ ಕೂರುತ್ತೇನೆ. ಅಜ್ಜನ ಮೊಮ್ಮಗ ನಡೆಸುತ್ತಾನೆ. ಹಿಟ್ಟು ಬೀಸಿಸಿಕೊಳ್ಳಲು ಬಂದವರು, ಡಬ್ಬಿಗಳ ಸಾಲು, ಪಟ್ಟಿಯ ಓಟ, ಬಿಚ್ಚಿ ಒರಗಿಸಿಟ್ಟ ಕಲ್ಲುಗಳು, ಇವನ್ನು ಸಣ್ಣ ಪುಸ್ತಕದಲ್ಲಿ ಬಿಡಿಸುತ್ತೇನೆ. ಚಿತ್ರ ಹೇಗಿದೆ ಎಂದು ಯಾರನ್ನೂ ಕೇಳುವುದಿಲ್ಲ. ಕಾಯುವ ಬೇಸರಕ್ಕೆ ಅವರೇ ಬಗ್ಗಿ ನೋಡುತ್ತಾರೆ. ಕೆಲವರು ತಮ್ಮ ಡಬ್ಬಿಯನ್ನು ಗುರುತಿಸುತ್ತಾರೆ.

ಕಳೆದ ವಾರ ಮೊಮ್ಮಗ ಭುಜದ ಹಿಂದೆ ಬಂದು ನಿಂತ. ಬೀಸುಕಲ್ಲಿನ ಮೈಮೇಲೆ ನಾನು ಎಳೆದಿದ್ದ ಗೆರೆಗಳ ಮೇಲೆ ಬೆರಳಿಟ್ಟ. "ಇದು ತಪ್ಪು ಸಾರ್. ಕಲ್ಲಿನ ಹಲ್ಲು ಹಿಂಗೆ ನೆಟ್ಟಗೆ ಇರಲ್ಲ, ಓರೆ ಇರ್ತವೆ. ನೆಟ್ಟಗಿದ್ರೆ ಹಿಟ್ಟು ಹೊರಗೇ ಬರಲ್ಲ. ತಾತ ಉಳಿ ಹಿಡ್ದು ಕಡೀತಿದ್ದಾಗ ನೋಡಿದ್ದೆ" ಎಂದ.

ಅವನ ಕೈಗೆ ಪೆನ್ಸಿಲ್ ಕೊಟ್ಟೆ. ಹಿಟ್ಟಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನನ್ನ ಗೆರೆಗಳ ಪಕ್ಕದಲ್ಲೇ ಮೂರು ಓರೆ ಗೆರೆ ಎಳೆದು ತೋರಿಸಿದ. ಹಾಳೆಯನ್ನು ನಾನು ಹಾಗೇ ಇಟ್ಟುಕೊಂಡಿದ್ದೇನೆ.